ಎಮ್ಮಿ ಜಾಗದಾಗ ಸೋಫಾ

ಹಳೆ ಮನೆ ಕೆಡವಿ ಹೊಸದು ಯಾರು ಬೇಕಾದರೂ ಕಟ್ತಾರೆ. ಹಳೆಯದನ್ನು ನಿಲ್ಲಿಸಿಕೊಂಡೇ ಹೊಸದು ಮಾಡಲಿಕ್ಕೆ ನನ್ನಂಥವನೇ ಬೇಕು. ನಾಲವಾರದ ಹತ್ತಿರ ನಮ್ಮ ಮುತ್ಯಾ ಕಟ್ಟಿಸಿದ ಕಲ್ಲಿನ ಮನೆ ಅದು. ಸೇಡಂ ಕಡೆಯ ಹೆಣ್ಣಿನವರು, "ಮನಿ ನೋಡೇ ಮಾತು ಮುಗಸ್ತೀವಿ" ಅಂದಿದ್ದರು. ಹುಡುಗಿ ನನಗೆ ಭಾಳ ಮನಸ್ಸಿಗೆ ಬಂದಿದ್ದಳು. ಇಂಜಿನಿಯರ್ ಯಾಕೆ ಅಂತ ನಾನೇ ಕೆಲಸಕ್ಕೆ ನಿಂತೆ. ಅಲ್ಲಿಂದ ದಿನಕ್ಕೊಂದು ಪ್ರಸಂಗ.

ಕಿಟಕಿ

ಬೆಡ್‌ರೂಮಿಗೆ ಗಾಳಿ ಬರಲಿ ಅಂತ ಗೋಡೆಗೆ ಗುರುತು ಹಾಕಿದೆ. ವಾಡಿಯಿಂದ ಬಂದ ಗೌಂಡಿ ಕೇಳಿದ, "ಆ ಕಡಿ ಏನ್ ಅದರಿ?"

"ಹಿತ್ತಲ. ನಾ ಹುಟ್ಟಿದ ಮನಿ, ನನಗ ಕೇಳ್ತೀಯೇನು? ಹೊಡಿ!"

ಮಧ್ಯಾಹ್ನದತನಕ ಹೊಡೆದ. ಕೊನೆಯ ಕಲ್ಲು ಜಾರಿದಾಗ ಗಾಳಿ ಬರಲಿಲ್ಲ, ರೊಟ್ಟಿಯ ವಾಸನೆ ಬಂತು. ಆಚೆ ಪಕ್ಕದ ಮನೆಯ ಕಾಕಿ ಒಲೆ ಮುಂದೆ ಕೂತಿದ್ದಳು.

"ರೊಟ್ಟಿ ಬೇಕಿದ್ರ ಬಾಗಲಾಗ ಬಂದು ಕೇಳ್ಬೇಕಪ್ಪ" ಅಂದಳು.

ಬಾಗಿಲು

ತಲಬಾಗಿಲು ಭಾಳ ಗಿಡ್ಡ. ಬಗ್ಗದೆ ಒಳಗೆ ಹೋಗುವಂತಿರಲಿಲ್ಲ. ಒಂಟೆ ಬೇಕಾದರೂ ನೆಟ್ಟಗೆ ಬರಲಿ ಅಂತ ಎತ್ತರ ಮಾಡಿಸಿದೆ. ಆದರೆ ರೂಢಿ! ಅಪ್ಪ ಬಗ್ಗಿಯೇ ಹೋದ, ಅವ್ವ ಬಗ್ಗಿಯೇ ಹೋದಳು, ನಾನೂ ಬಗ್ಗಿದೆ. ಹಿಂದೆ ನಿಂತಿದ್ದ ಕರೆಂಟಿನ ಕೆಲಸದವನು ಇದನ್ನು ನೋಡಿ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ಒಳಗೆ ಬಂದ.

ಎದುರಿಗೆ ಇದ್ದದ್ದು ಫ್ರಿಜ್.

ಹಾಲ್

ನಮ್ಮ ಕಡೆ ಹಳೆ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ. ಅಲ್ಲಿ ಟೈಲ್ಸ್ ಹಾಕಿಸಿ, ಸೋಫಾ ಇಟ್ಟು ಹಾಲ್ ಮಾಡಿದೆ. ಎಮ್ಮೆ ಇನ್ನು ಹೊರಗೆ ಬೇವಿನ ಗಿಡದ ಕೆಳಗೆ ಅಂತ ಗೊತ್ತು ಮಾಡಿದೆ. ಎಮ್ಮೆಗೆ ಮಾತ್ರ ಯಾರೂ ಹೇಳಿರಲಿಲ್ಲ.

ಕೆಲಸ ಮುಗಿದ ದಿನವೇ ಸಂಜೆಗೆ ಹೆಣ್ಣಿನವರು ಬಂದರು. "ಆ ಮನ್ಯಾಗ ಇರಾಕಿ ನಾನು, ನಾನೇ ನೋಡ್ತೀನಿ" ಅಂತ ಹುಡುಗಿಯೂ ಬಂದಿದ್ದಳು.

"ಇಂಥಾ ಹಾಲ್ ಸುತ್ತ ಹತ್ತೂರಾಗ ಇಲ್ರಿ" ಅಂತ ನಾನು ಶುರು ಮಾಡಿದೆ.

ಅಷ್ಟರಲ್ಲಿ ಮೇಯ್ದು ಬಂದ ಎಮ್ಮೆ ತಲೆ ಎತ್ತಿಕೊಂಡೇ ಒಳಗೆ ನಡೆಯಿತು. ನಮ್ಮ ಮನೆಯಲ್ಲಿ ಬಗ್ಗದೆ ಆ ಬಾಗಿಲು ದಾಟಿದ್ದು ಅದೊಂದೇ. ನೇರ ತನ್ನ ಜಾಗಕ್ಕೆ ಹೋಗಿ, ಸೋಫಾದ ಮೇಲಿದ್ದ ಹುಡುಗಿಯ ಅಪ್ಪನನ್ನು ಮೂಸಿ ನೋಡಿ, ಟೈಲ್ಸ್ ಮೇಲೆ ಸಗಣಿ ಹಾಕಿತು. ಅವರು ಕಾಲು ಮೇಲೆತ್ತಿಕೊಂಡರು. ಅವ್ವ ಬಾಯಿಗೆ ಸೆರಗು ಹಿಡಿದಳು. ನನ್ನ ಮದುವೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹುಡುಗಿ ಎದ್ದಳು. ಎಮ್ಮೆಯ ಕುತ್ತಿಗೆ ಕೆರೆದು, ಹಗ್ಗ ಹಿಡಿದು, ಹೊರಗೆ ನಡೆಸಿಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನನಗೇ ಅಂದಳು:

"ಮದ್ಲ ಇದಕ್ಕೊಂದು ಮನಿ ಕಟ್ರಿ. ಆಮ್ಯಾಲ ನಾ ಬರ್ತೀನಿ."

ಈಗ ಅದೇ ಕೆಲಸ ನಡೆದಿದೆ. ನೀವೇ ಬಂದು ನೋಡ್ರಿ: ಇಡೀ ಚಿತ್ತಾಪುರ ತಾಲೂಕಿನಲ್ಲಿ ಫ್ಯಾನ್ ಹಾಕಿಸಿದ ಕೊಟ್ಟಿಗೆ ನನ್ನದೊಂದೇ.