ಕರಡಿಗೆ ಬಂದ ಅನುದಾನ

ಉದ್ಯಾನ, ಕಾಲುದಾರಿ, ಕಾಡುಪ್ರಾಣಿ ಅಂತ ಸರ್ಕಾರದಿಂದ ಅನುದಾನ ಬರುತ್ತದಲ್ಲ, ಆ ಕೆಲಸಗಳನ್ನು ನಿಂತು ಮಾಡಿಸುವುದು ನನ್ನ ನೌಕರಿ. ಕೊಪ್ಪಳ ಜಿಲ್ಲೆಯ ತುಂಬಾ ಸ್ಕೂಟಿ ಮೇಲೆ ಓಡಾಡುತ್ತೇನೆ. ಅನುದಾನ ತಡವಾಗಬಹುದು, ಮಳೆ ತಡವಾಗಬಹುದು; ನಗುವ ಪ್ರಸಂಗ ಮಾತ್ರ ನಾನು ಸ್ಕೂಟಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಹಾಜರ್. ಸಂಜೆ ಮನೆಗೆ ಬಂದರೆ ನಮ್ಮ ಅತ್ತೆ ಚಹಾದ ಜೊತೆ ಕೇಳುವ ಮೊದಲ ಮಾತು, "ಇವತ್ತೇನಾತವಾ?" ಏನೂ ಆಗಲಿಲ್ಲ ಅಂತ ಹೇಳಿದ ದಿನ ನನಗೆ ನೆನಪಿಲ್ಲ.

ಒಣಗುವ ದಾರಿ

ಕುಷ್ಟಗಿಯ ಒಂದು ಬಡಾವಣೆಯ ಉದ್ಯಾನದಲ್ಲಿ ವಾಕಿಂಗ್ ದಾರಿ ಮಾಡಿಸಿದೆವು. ಕೆಂಪು ಕಲ್ಲು ಹಾಸಿ, ಎರಡೂ ಕಡೆ ಗಿಡ ಹಚ್ಚಿ, ನೋಡಲು ಭಾಳ ಛಲೋ ಆಗಿತ್ತು. ವಾರ ಕಳೆಯುವಷ್ಟರಲ್ಲಿ ರಿಟೈರ್ ಆದ ಮಾಸ್ತರೊಬ್ಬರ ಫೋನು.

"ಮೇಡಂ, ನಿಮ್ಮ ದಾರ್ಯಾಗ ನಡದರೂ ಸೀನು, ನಿಂತರೂ ಸೀನು! ಬಂದು ನೋಡ್ರಿ."

ಹೋಗಿ ನೋಡಿದರೆ ದಾರಿಯ ಉದ್ದಕ್ಕೂ ಕೆಂಪು ಮೆಣಸಿನಕಾಯಿ ಹರವಿದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಕೋಲು ಹಿಡಿದು ಕಾವಲು ಕುಳಿತಿದ್ದಾಳೆ. ವಾಕಿಂಗಿಗೆ ಬಂದವರು ಮೂಗಿಗೆ ಟವೆಲ್ ಕಟ್ಟಿಕೊಂಡು ಮಣ್ಣಿನಲ್ಲಿ ನಡೆಯುತ್ತಿದ್ದಾರೆ.

"ಅಮ್ಮಾ, ಇದು ಜನರ ಆರೋಗ್ಯಕ್ಕಂತ ಮಾಡಿದ್ದು" ಅಂದೆ.

"ಗೊತ್ತೈತವ್ವಾ. ಇವರು ಮೈ ಒಣಗಸಾಕ ಬರ್ತಾರ, ನಾ ಮೆಣಸಿನಕಾಯಿ ಒಣಗಸಾಕ ಬಂದೀನಿ. ನನ್ನವು ಒಣಗಿ ಗಲಗಲ ಅನ್ನಾಕತ್ತಾವು. ಇವರನ್ನ ನೋಡು, ಬಂದಾಗ ಹೆಂಗಿದ್ರೋ ಹಂಗ ಅದಾರ!"

ಮಾಸ್ತರು ಹೊಟ್ಟೆ ಒಳಗೆ ಎಳೆದುಕೊಂಡು ಇನ್ನೊಂದು ಸುತ್ತು ಹೊರಟರು.

ಪಾಲು

ತಳಕಲ್ ಕಡೆಯ ಒಬ್ಬ ಕುರಿಗಾರ ನಮ್ಮ ಆಫೀಸಿಗೆ ಬಂದಿದ್ದ. ತೋಳ ಅವನ ಕುರಿ ಹೊತ್ತುಕೊಂಡು ಹೋಗಿತ್ತು. ಅಂಥವರಿಗೆ ಪರಿಹಾರ ಕೊಟ್ಟರೆ ತೋಳದ ಮೇಲೆ ಸಿಟ್ಟು ಇರುವುದಿಲ್ಲ, ತೋಳವೂ ಉಳಿಯುತ್ತದೆ ಅಂತ ಯೋಜನೆ. ಆದರೆ ತಿಂದದ್ದು ತೋಳವೇ, ನಾಯಿ ಅಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕು. ವಿಚಾರಿಸಲು ನಾನೇ ಅವನ ಹಟ್ಟಿಗೆ ಹೋದೆ.

"ಯಜಮಾನ್ರ, ತೋಳ ಬಂದಿದ್ದನ್ನ ಯಾರರ ನೋಡ್ಯಾರೇನ್ರಿ?"

"ನೋಡೈತ್ರಿ, ಕುರಿ."

"ಎಲ್ಲೈತಿ ಆ ಕುರಿ?"

"ತ್ವಾಳದ ಹೊಟ್ಟ್ಯಾಗ."

ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಅವನ ಮುಖದಲ್ಲಿ ನಗುವಿರಲಿಲ್ಲ. ಹಟ್ಟಿಯ ಹಿಂದೆ ಕರೆದುಕೊಂಡು ಹೋಗಿ ಮಣ್ಣಿನಲ್ಲಿ ಮೂಡಿದ ಹೆಜ್ಜೆ, ಬೇಲಿಗೆ ಸಿಕ್ಕಿದ ಉಣ್ಣೆ ಎಲ್ಲ ತೋರಿಸಿದ. ನಾನು ಫೋಟೋ ತೆಗೆದುಕೊಂಡೆ. ಪಾಪ, ಅವನ ಸಂಕಟ ನೋಡಿ ಕೇಳಿದೆ, "ಆ ತೋಳಾನ ಹಿಡಿಸಿ ದೂರ ಬಿಡಸಬೇಕೇನ್ರಿ?"

"ಏ, ಬ್ಯಾಡ್ರಿ ತಾಯಿ" ಅಂದ. "ಅದೂ ಹೊಟ್ಟಿ ಹೊರೀಬೇಕಲ್ಲ. ಅದರ ಪಾಲು ಅದು ತಿಂದು ಹೋಗೈತಿ. ನನ್ನ ಪಾಲು ಆಫೀಸಿನ್ಯಾಗ ಯಾರೂ ತಿನ್ನದಂಗ ನೋಡ್ಕೋರಿ, ಅಷ್ಟ ಸಾಕು."

ಅವನ ಅರ್ಜಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿದೆ. ಅಷ್ಟು ಅವಸರ ಯಾಕೆ ಅಂತ ಕೇಳಿದವರಿಗೆಲ್ಲ, "ತೋಳ ಕಾಯಾಕತ್ತೈತ್ರಿ" ಅಂದೆ.

ಸುಸ್ವಾಗತ

ಸಾಣಾಪುರದ ಕೆರೆಯ ಕಡೆಗೆ ಬಂಡೆಗಳ ನಡುವೆ ಒಂದು ಕಾಲುದಾರಿ ಮಾಡಿದೆವು. ಕರಡಿ ಓಡಾಡುವ ಜಾಗ. ಎಚ್ಚರಿಕೆಯ ಫಲಕ ಬರೆಯಲು ಗಂಗಾವತಿಯ ಪೇಂಟರ್‌ಗೆ ಹೇಳಿದೆ. ಲಾರಿ ಹಿಂದೆ ಬರೆಯುವುದು, ಮದುವೆ ಮನೆಗೆ ಬೋರ್ಡು ಬರೆಯುವುದು ಅವನ ಕಸುಬು.

ಅವನು ಬರೆದ ಫಲಕ ನೋಡಲು ಹೋದೆ. ದಪ್ಪನೆಯ ಕರಡಿ ಎರಡೂ ಕೈ ಮುಗಿದು ನಗುತ್ತಾ ನಿಂತಿದೆ. ಮೇಲೆ "ಎಚ್ಚರಿಕೆ, ಕರಡಿ ಇದೆ." ಕೆಳಗೆ ಬಳ್ಳಿ ಬಿಡಿಸಿ "ಸುಸ್ವಾಗತ."

"ಇದೇನ್ರೀ ಇದು? ಜನರಿಗೆ ಅಂಜಿಕಿ ಬರಬೇಕಲ್ಲ! ಸುಸ್ವಾಗತ ಅಂದ್ರ ಹೆಂಗ?"

ಪೇಂಟರ್ ಬ್ರಷ್ ಒರೆಸುತ್ತಾ ಸಮಾಧಾನವಾಗಿ ಹೇಳಿದ, "ಮೇಡಂ, ಅದನ್ನ ಹೇಳಾಕತ್ತಿದ್ದು ಕರಡಿರಿ. ಊಟದ ಹೊತ್ತಿಗೆ ಯಾರರ ಬರ್ಲಿ ಅಂತ ಅದಕ್ಕೂ ಆಸೆ ಇರೂದಿಲ್ಲೇನ್ರಿ?"

ತೊಟ್ಟಿಗೆ ಬಂದವರು

ನವಲಿ ಕಡೆಯ ಗುಡ್ಡದಲ್ಲಿ ಬೇಸಿಗೆಗೆ ಕಾಡುಪ್ರಾಣಿಗಳು ಕುಡಿಯಲಿ ಅಂತ ಒಂದು ನೀರಿನ ತೊಟ್ಟಿ ಕಟ್ಟಿಸಿದ್ದೆವು. ಟ್ಯಾಂಕರಿನಿಂದ ನೀರು ತುಂಬಿಸುವುದು, ಕಾಯುವುದು ಎಲ್ಲ ಒಬ್ಬ ದಿನಗೂಲಿ ವಾಚ್‌ಮನ್ ಕೆಲಸ. ಮುಂದಿನ ವರ್ಷ ಇನ್ನಷ್ಟು ತೊಟ್ಟಿಗಳಿಗೆ ಅನುದಾನ ಬೇಕಾದರೆ ಪ್ರಾಣಿಗಳು ನಿಜವಾಗಿ ಬರುತ್ತವೆ ಅಂತ ತೋರಿಸಬೇಕು. ಅದಕ್ಕೆ ಗಿಡಕ್ಕೆ ಒಂದು ಕ್ಯಾಮೆರಾ ಕಟ್ಟಿದೆವು. ಎದುರಿಗೆ ಏನು ಅಲುಗಾಡಿದರೂ ತಾನೇ ಫೋಟೋ ಹೊಡೆಯುವಂಥದ್ದು. ಅದು ಅಲ್ಲಿರುವುದನ್ನು ವಾಚ್‌ಮನ್‌ಗೆ ಹೇಳುವುದನ್ನು ಎಲ್ಲರೂ ಮರೆತಿದ್ದೆವು.

ಬೆಂಗಳೂರಿನಿಂದ ದೊಡ್ಡ ಸಾಹೇಬರು ಪರಿಶೀಲನೆಗೆ ಬಂದರು. ಸಭೆಯಲ್ಲಿ ವಾಚ್‌ಮನ್ ಎದೆ ಉಬ್ಬಿಸಿ ಹೇಳಿದ, "ಅಲ್ಲಿಗೆ ಒಂದು ನರಪಿಳ್ಳಿನೂ ಬರೂದಿಲ್ರಿ ಸಾಹೇಬ್ರ. ಬರೇ ಕಾಡುಪ್ರಾಣಿ."

ಗೋಡೆಯ ಮೇಲೆ ಫೋಟೋಗಳು ಶುರುವಾದವು. ಮೊದಲನೆಯದು ಎಮ್ಮೆ. ಎರಡನೆಯದೂ ಎಮ್ಮೆ, ಬೇರೆ ಮಗ್ಗುಲಿನಿಂದ. ಆಮೇಲೆ ಯಾರೋ ಬೈಕ್ ತೊಳೆಯುತ್ತಿರುವುದು. ದೊಡ್ಡ ಸಾಹೇಬರ ಹುಬ್ಬು ಮೇಲೇರಿತು. ನಮ್ಮ ಆಫೀಸಿನ ಸಾಹೇಬರು ಬೆವರು ಒರೆಸಿಕೊಂಡರು. ಅನುದಾನ ಹೋಯಿತು ಅಂತ ನಾನು ಕಣ್ಣು ಮುಚ್ಚಿದೆ.

"ಆಹಾ!" ಅಂತ ಯಾರೋ ಕೂಗಿದರು. ಕಣ್ಣು ತೆರೆದರೆ ಕರಡಿ! ಬೆನ್ನ ಮೇಲೆ ಮರಿ ಹೊತ್ತುಕೊಂಡು ತಾಯಿ ಕರಡಿ ನೀರು ಕುಡಿಯುತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ನಮ್ಮ ಸಾಹೇಬರು ಲಗುಬಗೆಯಿಂದ, "ಸಾಕು, ಬಂದ್ ಮಾಡ್ರಿ" ಅಂದರು.

"ಇರಲಿ, ಮುಂದಿಂದೂ ನೋಡೋಣ" ಅಂದರು ದೊಡ್ಡವರು.

ಮುಂದಿನ ಫೋಟೋ ಬಂತು. ತೊಟ್ಟಿಯ ಪಕ್ಕ, ತಲೆಯಿಂದ ಪಾದದ ತನಕ ಬೆಳ್ಳಗೆ ಸೋಪಿನ ನೊರೆ. ನೊರೆಯ ನಡುವೆ ಎರಡು ಕಣ್ಣು ಮಾತ್ರ ಕಾಣುತ್ತಿವೆ. ಸೊಂಟದಲ್ಲಿ ಚೌಕಡಿ ಟವೆಲ್, ಕೈಯಲ್ಲಿ ತಂಬಿಗೆ.

ದೊಡ್ಡ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಇದು ಯಾವ ಪ್ರಾಣಿ?" ಅಂತ ಕೇಳಿದರು.

ಹಿಂದಿನ ಸಾಲಿನಿಂದ ವಾಚ್‌ಮನ್ ನಿಧಾನಕ್ಕೆ ಎದ್ದು ನಿಂತು ಕೈ ಮುಗಿದ.

"ದಿನಗೂಲಿ ನೌಕರರಿ ಸಾಹೇಬ್ರ. ಪರ್ಮನೆಂಟ್ ಮಾಡಲಿಲ್ಲಂದ್ರ ಈ ತಳಿನೂ ನಾಶ ಆಗ್ತೈತಿ. ಇದಕ್ಕೂ ಏನರ ಅನುದಾನ ಇದ್ರ ನೋಡ್ರಿ!"