ಭಾನುವಾರದ ಜಾಮೀನು

ಮನೆಯವರು ಯಾರಾದರೂ ಪೊಲೀಸರ ಕೈಗೆ ಸಿಕ್ಕಿಬೀಳುವುದೇ ಇದ್ದರೆ ವಾರದ ನಡುವೆ, ಕಚೇರಿಯ ವೇಳೆಯಲ್ಲಿ ಸಿಕ್ಕಿಬೀಳಬೇಕು ಎಂಬುದು ನನ್ನ ಅಭಿಪ್ರಾಯ. ಕೋರ್ಟು ತೆರೆದಿರುತ್ತದೆ, ವಕೀಲರು ಊರಲ್ಲಿರುತ್ತಾರೆ, ಮುಖ್ಯವಾಗಿ ನೆರೆಹೊರೆಯವರೆಲ್ಲ ಡ್ಯೂಟಿಗೆ ಹೋಗಿರುತ್ತಾರೆ. ನಮ್ಮ ಜೊತೆಗೇ ಇರುವ ಮಾವನವರು, ಅಂದರೆ ನನ್ನ ಹೆಂಡತಿ ಗಿರಿಜೆಯ ತಂದೆ, ಇದನ್ನೆಲ್ಲ ಯೋಚಿಸುವ ಪೈಕಿ ಅಲ್ಲ. ಅವರು ಸಿಕ್ಕಿಬಿದ್ದದ್ದು ಭಾನುವಾರ ಮಧ್ಯಾಹ್ನ, ಪೀಣ್ಯದ ಒಂದು ಖಾಲಿ ಷೆಡ್ಡಿನಲ್ಲಿ, ಅಂದರ್ ಬಾಹರ್ ಆಡುತ್ತಾ.

ನಾನು ಯಾರೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ವಾಸ ಅದರದೇ ಕ್ವಾರ್ಟರ್ಸಿನಲ್ಲಿ. ಕ್ವಾರ್ಟರ್ಸೆಂದರೆ ಮೇಲಿನ ಮನೆಯ ಒಗ್ಗರಣೆಗೆ ಕೆಳಗಿನ ಮನೆಯವರು ಸೀನುವ ಜಾಗ. ಸಾಲದ್ದಕ್ಕೆ ನಾನು ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ಪ್ರತಿ ರಾಜ್ಯೋತ್ಸವಕ್ಕೂ ಯುವಕರು ದುಶ್ಚಟಗಳಿಂದ ದೂರವಿರಬೇಕೆಂದು ಮೈಕಿನಲ್ಲಿ ಅಪ್ಪಣೆ ಕೊಡಿಸುವವನು. ಮುದುಕರ ವಿಷಯ ಎತ್ತಬೇಕೆಂದು ಹೊಳೆದೇ ಇರಲಿಲ್ಲ.

ಫೋನ್ ಬಂದ ಕೂಡಲೇ ಠಾಣೆಗೆ ಓಡಿದೆ. ಮಾವನವರು ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ. ಇದೇನು ದೊಡ್ಡ ಕೇಸಲ್ಲ, ಠಾಣೆಯಲ್ಲೇ ಜಾಮೀನು ಸಿಗುತ್ತದೆ, ಯಾರಾದರೊಬ್ಬರು ಹೊಣೆ ನಿಂತರೆ ಸಾಕು. ಇಲ್ಲವಾದರೆ ರಾತ್ರಿ ಲಾಕಪ್ಪು, ಬೆಳಿಗ್ಗೆ ಜಡ್ಜ್ ಮುಂದೆ ಎಂದರು. ಮಾವನವರಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಊಟವೂ ಆಗಿರಲಿಲ್ಲ.

"ನೀವು ಫ್ಯಾಕ್ಟ್ರೀಲಿ ಇದೀರಲ್ಲ ಸಾರ್. ನಿಮ್ ಐಡಿ ಕಾರ್ಡ್ ಕೊಡಿ, ಸೈನ್ ಮಾಡಿ, ಕರ್ಕೊಂಡ್ ಹೋಗಿ. ನಾಳೆ ನಿಮ್ ಆಫೀಸಿಗೆ ಒಂದು ಲೆಟರ್ ಕಳಿಸ್ತೀವಿ, ಕೆಲ್ಸದಲ್ಲಿರೋದು ನಿಜಾನಾ ಅಂತ. ಅಷ್ಟೇ."

ಅಷ್ಟೇ ಅಂತೆ! ಆ ಪತ್ರ ಬೆಳಿಗ್ಗೆ ಪರ್ಸನೆಲ್ ವಿಭಾಗ ಮುಟ್ಟಿದರೆ ಟೀ ಹೊತ್ತಿಗೆ ಕ್ಯಾಂಟೀನು ಮುಟ್ಟುತ್ತದೆ. ಕಾರ್ಡು ಆಫೀಸಿನ ಡ್ರಾಯರಿನಲ್ಲೇ ಉಳಿದಿದೆ, ನಾಳೆಯೇ ಸಿಗುವುದು ಎಂದುಬಿಟ್ಟೆ. ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಭಾನುವಾರವೂ ಅದನ್ನು ಇಟ್ಟುಕೊಂಡು ತಿರುಗುವುದು ನನ್ನ ಚಟ. ಅದರ ನೀಲಿ ದಾರ ಹೊರಗೆ ಇಣುಕುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ನೋಡಲಿಲ್ಲ. ಮಾವನವರು ನೋಡಿದರು, ನೋಡಿ ಗೋಡೆಯ ಕಡೆ ತಿರುಗಿಕೊಂಡರು.

ಹಾಗಾದರೆ ಸ್ವಂತ ಮನೆಯ ಕಂದಾಯದ ರಸೀತಿ ಇರುವವರನ್ನು ಕರೆತನ್ನಿ ಎಂದರು ಹೆಡ್ ಕಾನ್‌ಸ್ಟೇಬಲ್. ಯಾರಿಗೂ ಬಾಯಿ ಬಿಡಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ಗಿರಿಜೆಯನ್ನು ಫೋನಿನಲ್ಲೇ ಗದರಿ, ಮೆಟ್ರೊ ಕಂಬಗಳಿಗೆಂದು ಅಗೆದುಹಾಕಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದೆ. ಕ್ವಾರ್ಟರ್ಸಿನವರಿಗೆ ಸ್ವಂತ ಮನೆ ಎಲ್ಲಿಂದ ಬರಬೇಕು? ಅಬ್ಬಿಗೆರೆಯಲ್ಲಿ ಮನೆ ಕಟ್ಟಿಕೊಂಡ ಹಳೆಯ ಸಹೋದ್ಯೋಗಿಯ ಬಳಿ ಹೋದೆ. ಕಾಫಿ ಕೊಟ್ಟು, ಮಗಳ ಮದುವೆಯ ಆಲ್ಬಂ ತೋರಿಸಿದರು. ನಾನು "ನಮ್ಮ ಮಾವ" ಎನ್ನುವಷ್ಟರಲ್ಲಿ ಚೆನ್ನಾಗಿದ್ದಾರಾ ಎಂದು ಕೇಳಿದರು. ಬಹಳ ಚೆನ್ನಾಗಿದ್ದಾರೆ ಎಂದು ಎದ್ದುಬಂದೆ. ಇನ್ನೊಬ್ಬರ ಮನೆಯಲ್ಲಿ ಚಿತ್ರಾನ್ನ ಕೊಟ್ಟರು. ನಾನು ಬಾಯಿ ತೆರೆದದ್ದು ಅಷ್ಟಕ್ಕೇ. ಅಲ್ಲಿ ವಯಸ್ಸಾದವರು ಹಸಿದು ಕೂತಿದ್ದಾರೆ, ಇಲ್ಲಿ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ತಿಂದೆ.

ದೀಪ ಹಚ್ಚುವ ಹೊತ್ತಿಗೆ ದಾಸರಹಳ್ಳಿಯಲ್ಲಿ ಹಾಲೋ ಬ್ಲಾಕ್ ಮಾರುವ ಚಿಕ್ಕಣ್ಣ ಸಿಕ್ಕ. ಮುಖಪರಿಚಯವಷ್ಟೇ ಇದ್ದವನು, ಹಾಗಾಗಿ ನಾಚಿಕೆ ಕಡಿಮೆ. ಯಾರೋ ಸ್ನೇಹಿತರ ಮಾವ ಎಂದು ಹೇಳಿ, ಅವನನ್ನೂ ಅವನ ರಸೀತಿಯನ್ನೂ ಹಿಂದೆ ಕೂರಿಸಿಕೊಂಡು ಠಾಣೆಗೆ ಬಂದರೆ ಬೆಂಚು ಖಾಲಿ. ಆಗಲೇ ಬಿಟ್ಟೆವಲ್ಲ ಸಾರ್, ನಿಮ್ಮ ಮಿಸೆಸ್ಸು ಬಂದಿದ್ದರು ಎಂದರು ಹೆಡ್ ಕಾನ್‌ಸ್ಟೇಬಲ್. ಚಿಕ್ಕಣ್ಣ ನನ್ನ ಮುಖ ನೋಡಿದ. ಕೈಮುಗಿದು ಆಟೋ ಹತ್ತಿಸಿದೆ.

ನಡೆದದ್ದಿಷ್ಟು. ಸಂಜೆಯವರೆಗೆ ಕಾದು ಸಾಕಾಗಿ ಗಿರಿಜೆ ಪಕ್ಕದ ಮನೆಯ ಬಾಗಿಲು ತಟ್ಟಿ, ನಮ್ಮಪ್ಪ ಇಸ್ಪೀಟು ಆಡಿ ಸ್ಟೇಷನ್ನಿನಲ್ಲಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ನನ್ನ ವಿಭಾಗದಲ್ಲೇ ಕೆಲಸ ಮಾಡುವ ರಂಗನಾಥ್ ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ಅವಳ ಜೊತೆ ಹೋಗಿ, ತನ್ನ ಕಾರ್ಡು ಕೊಟ್ಟು, ಸಹಿ ಹಾಕಿ ಕರೆತಂದಿದ್ದಾನೆ. ಆಫೀಸಿಗೆ ಪತ್ರ ಬರುತ್ತದೆ ಎಂದದ್ದಕ್ಕೆ, ಬರಲಿ ಬಿಡಿ ಎಂದನಂತೆ.

ಮನೆ ಸೇರಿದರೆ ಹಾಲಿನ ತುಂಬ ಜನ. ಅರ್ಧ ಕ್ವಾರ್ಟರ್ಸು ಅಲ್ಲಿ ಕಾಫಿ ಕುಡಿಯುತ್ತಿತ್ತು. ಮಾವನವರ ಮುಂದೆ ಚಪಾತಿ ತಟ್ಟೆಯಿತ್ತು. ನಾನಿನ್ನೂ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಯಾರೋ, ಅಲ್ಲಾ, ಅಳಿಯಂದಿರು ಎಲ್ಲಿ ಹೋಗಿದ್ದರು ಎಂದು ಕೇಳಿದ್ದು ಕಿವಿಗೆ ಬಿತ್ತು. ಉತ್ತರ ಕೊಟ್ಟವರು ಮಾವನವರು.

"ಅವ್ರಿಗೆ ಇವತ್ತು ಸೆಕೆಂಡ್ ಶಿಫ್ಟು ಕಣ್ರೀ. ಇಲ್ಲಾಂದ್ರೆ ಅವ್ರೇ ಬಂದಿರೋರು."

ನಮ್ಮ ಕಾರ್ಖಾನೆಗೆ ಭಾನುವಾರ ಸೆಕೆಂಡ್ ಶಿಫ್ಟ್ ಇಲ್ಲ. ಹಾಲಿನಲ್ಲಿದ್ದವರೆಲ್ಲ ಅಲ್ಲೇ ಕೆಲಸ ಮಾಡುವವರು, ಮಾವನವರು ಅಲ್ಲೇ ದುಡಿದು ನಿವೃತ್ತರಾದವರು. ಎಲ್ಲರೂ ಹೌದೌದು ಎಂದು ಕಾಫಿ ಹೀರಿದರು. ನಾನು ಒಳಗೆ ಕಾಲಿಟ್ಟಾಗ ರಂಗನಾಥ್ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, "ಬನ್ನಿ ಸಾರ್, ಡ್ಯೂಟಿ ಮುಗೀತಾ?" ಎಂದ.

ಹೂಂ, ಇವತ್ತು ಕೆಲಸ ಸ್ವಲ್ಪ ಜಾಸ್ತಿ ಇತ್ತು ಎಂದೆ.