ಮೂರು ಕೊಟೇಶನ್, ಒಂದು ಚಕ್ರ

ನಾನು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಖರೀದಿ ವಿಭಾಗದ ಅಧಿಕಾರಿ. ಗುಂಡುಸೂಜಿಯಿಂದ ಜನರೇಟರ್‌ವರೆಗೆ ನನ್ನ ಸಹಿಯಿಲ್ಲದೆ ಯಾವುದೂ ಒಳಗೆ ಬರುವಂತಿಲ್ಲ. ಇಂಥವನಿಗೆ ಸೈಕಲ್ ಚಕ್ರದ ಬೆಂಡ್ ತೆಗೆಯುವ ಒಂದು ಸ್ಟ್ಯಾಂಡ್ ಕೊಳ್ಳುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೇ ನಾನು ಹೊರಟದ್ದು.

ಸೈಕಲ್ಲು ನನ್ನದಲ್ಲ, ಹೆಂಡತಿ ಸುಮನಳದು. ಮಂಡಿನೋವಿಗೆಂದು ಉಳ್ಳೂರಿನ ಡಾಕ್ಟರು ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿಯಲು ಹೇಳಿದ್ದರು. ಇವಳು ಎಂಟೇ ತಿಂಗಳಲ್ಲಿ ನಮ್ಮ ಶ್ರೀಕಾರ್ಯಂನ ಏರುಗಳನ್ನೆಲ್ಲ ತುಳಿದು ಮುಗಿಸಿ, ಒಂದು ಭಾನುವಾರ ಮುಂಜಾನೆ ಹೊರಟು ಸಂಜೆಗೆ ಕೊಚ್ಚಿ ಮುಟ್ಟುವ ಸೈಕಲ್ ತಂಡಕ್ಕೆ ಹೆಸರು ಕೊಟ್ಟುಬಿಟ್ಟಳು. ಕೊಚ್ಚಿಯಲ್ಲಿ ಅವಳ ಅಕ್ಕ ಇದ್ದಾಳೆ. "ಈ ಪ್ರಾಯದಲ್ಲಿ ನಿನಗೆ ಎಂತ ಮರುಳು?" ಎಂದು ಅಕ್ಕ ಫೋನಿನಲ್ಲಿ ನಕ್ಕಿದ್ದಳು. "ಆ ಭಾನುವಾರ ಸಂಜೆ ನಿನ್ನ ಗೇಟಿನೊಳಗೆ ಸೈಕಲ್ಲಲ್ಲೇ ಬರ್ತೇನೆ, ನೋಡ್ತಾ ಇರು" ಎಂದು ಇವಳು ಫೋನಿಟ್ಟಿದ್ದಳು.

ಹೊರಡಲು ಒಂದು ತಿಂಗಳಿರುವಾಗ ಮುಂದಿನ ಚಕ್ರ ಸಣ್ಣಗೆ ಅಲುಗತೊಡಗಿತು. ಪ್ರತಿ ಸುತ್ತಿಗೂ ಒಮ್ಮೆ ಬ್ರೇಕಿಗೆ ಸವರಿ 'ಸರ್' ಎನ್ನುತ್ತಿತ್ತು.

"ಚಾಲೈ ಬಜಾರಿನ ಸೈಕಲ್ ರಿಪೇರಿಯ ಸುಕುಮಾರನ್ ಹತ್ರ ಕೊಡ್ತೇನೆ. ಬೆಂಡ್ ತೆಗೆದು ಕೊಡ್ತಾರೆ" ಎಂದಳು ಸುಮನ.

"ಸಲ ಸಲ ಅವರ ಹತ್ರ ಯಾಕೆ ಓಡುದು? ಒಂದು ಸ್ಟ್ಯಾಂಡ್ ತರಿಸುವ. ಇನ್ನು ಮುಂದೆ ನಾನೇ ತೆಗೆದು ಕೊಡ್ತೇನೆ."

ಸ್ಟ್ಯಾಂಡ್ ಎಂದರೆ ಇಷ್ಟೇ: ಎರಡು ತೋಳು, ನಡುವೆ ಚಕ್ರ, ರಿಮ್ಮಿನ ಎರಡೂ ಬದಿಗೆ ಒಂದೊಂದು ಮುಳ್ಳು. ಚಕ್ರ ಯಾವ ಮುಳ್ಳಿಗೆ ತಾಗುತ್ತದೋ ನೋಡಿಕೊಂಡು ಸ್ಪೋಕ್ ಕಡ್ಡಿಗಳನ್ನು ಬಿಗಿ ಮಾಡಬೇಕು, ಇಲ್ಲವೇ ಸಡಿಲಿಸಬೇಕು. ನಾನು ನಿಯಮದಂತೆ ಮೂರು ಕಡೆಯಿಂದ ದರ ತರಿಸಿ ತುಲನಾತ್ಮಕ ಪಟ್ಟಿ ತಯಾರಿಸಿದೆ. ಮೊದಲನೆಯದು ಗಟ್ಟಿ ಕಬ್ಬಿಣದ್ದು. ಎರಡನೆಯದು ಸಾಧಾರಣ. ಮೂರನೆಯದು ಮಡಚಿಡಬಹುದಾದದ್ದು, ಎಲ್ಲಕ್ಕಿಂತ ಅಗ್ಗ. ಪಟ್ಟಿಯನ್ನು ಪರಿಶೀಲಿಸುವುದರಲ್ಲೇ ಮೂರು ವಾರ ಕಳೆಯಿತು. ಕೊನೆಗೆ, ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಪ್ರತಿಸಲ ಮಾಡಿದ್ದನ್ನೇ ಮಾಡಿದೆ. ಅತಿ ಕಡಿಮೆ ದರದ್ದನ್ನು ಮಂಜೂರು ಮಾಡಿದೆ.

ಪಟ್ಟಿಯನ್ನು ಓದಿ ಸುಮನ ಕೇಳಿದಳು: "ನನ್ನನ್ನು ನೋಡ್ಲಿಕ್ಕೆ ಬರುವಾಗಲೂ ಹೀಗೆ ಮೂರು ಕೊಟೇಶನ್ ಇತ್ತಾ?"

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ, ಕೆಲವು ಪ್ರಶ್ನೆಗಳಿಗೆ ಉತ್ತರಿಸಬಾರದೆಂಬ ತಿಳಿವಳಿಕೆ ನನಗೆ ಬಂದಿತ್ತು.

ಪಾರ್ಸೆಲ್ ಬಂದದ್ದು ಹೊರಡುವ ಎರಡು ದಿನ ಮೊದಲು, ಶುಕ್ರವಾರ. ಕೈಗೆ ಬಂದ ಕೂಡಲೇ ಜೇಬಿನಿಂದ ಪೆನ್ನು ತೆಗೆದು ಬಿಲ್ಲಿನ ಹಿಂದೆ 'ಪರಿಶೀಲಿಸಲಾಗಿದೆ, ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದೆ. ಪೆಟ್ಟಿಗೆ ತೆರೆದದ್ದು ಆಮೇಲೆ. ನಮ್ಮ ಕಚೇರಿಯಲ್ಲಿ ಅದೇ ಕ್ರಮ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೆಲಸಕ್ಕೆ ಕೂತೆ. ಎರಡು ಗಂಟೆ ಬಿಗಿ ಮಾಡಿದೆ, ಸಡಿಲಿಸಿದೆ, ಬೆವರಿದೆ. ಕೊನೆಗೆ ಚಕ್ರ ಎರಡು ಮುಳ್ಳುಗಳ ನಟ್ಟನಡುವೆ ಒಂದಿಷ್ಟೂ ಅಲುಗದೆ ತಿರುಗಿತು. ನನಗೆ ಕಣ್ಣು ತುಂಬಿ ಬಂತು. ಸುಮನಳನ್ನು ಕರೆದು ತೋರಿಸಿದೆ. ಅವಳೂ "ಪರವಾಗಿಲ್ಲವೇ" ಎಂದಳು.

ಚಕ್ರವನ್ನು ಸೈಕಲ್ಲಿಗೆ ಹಾಕಿದೆವು. ತಿರುಗಲೇ ಇಲ್ಲ!

ಮೊದಲು ಸುತ್ತಿಗೊಮ್ಮೆ ಸವರುತ್ತಿದ್ದ ರಿಮ್ಮು ಈಗ ಎಡಗಡೆಯ ಬ್ರೇಕಿಗೆ ಪೂರ್ತಿ ಒರಗಿ ನಿಂತಿತ್ತು.

"ಎಂತ ಮಾಡಿದ್ರಿ?"

"ಸ್ಟ್ಯಾಂಡಿನಲ್ಲಿ ಸರಿ ಉಂಟಲ್ಲ. ನೀನೇ ನೋಡಿದ್ದಿ. ನಿನ್ನ ಸೈಕಲ್ಲೇ ಓರೆ ಇರ್ಬೇಕು."

ನಾನೇ ಪ್ರಮಾಣಪತ್ರ ಕೊಟ್ಟ ವಸ್ತುವಿನ ಮೇಲೆ ನನಗೆ ಅನುಮಾನ ಬರುವುದಾದರೂ ಹೇಗೆ? ಚಕ್ರವನ್ನು ಮತ್ತೆ ಸ್ಟ್ಯಾಂಡಿಗೆ ಏರಿಸಿದೆ. ನಡುವೆಯೇ ಇತ್ತು. ಇನ್ನೂ ನಡುವೆ ಬರಲೆಂದು ಒಂದು ಕಡ್ಡಿಯನ್ನು ಮತ್ತಷ್ಟು ಬಿಗಿದೆ. ಟಣ್ ಎಂದು ಕಡ್ಡಿ ಮುರಿಯಿತು.

ಸುಮನ ಬಾಗಿಲ ಬಳಿ ಸಿದ್ಧ ಮಾಡಿಟ್ಟಿದ್ದ ಹೆಲ್ಮೆಟ್ಟನ್ನು ಎತ್ತಿ ಕಪಾಟಿನೊಳಗೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಎಂಟು ತಿಂಗಳು ಅವಳು ಮುಂಜಾನೆ ಎದ್ದು ಹೋಗುವಾಗ ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಅದೆಲ್ಲ ಆಗ ನೆನಪಾಯಿತು.

ಗಂಟೆ ನಾಲ್ಕಾಗಿತ್ತು. ಸುಕುಮಾರನ್ ಐದಕ್ಕೆ ಅಂಗಡಿ ಮುಚ್ಚುತ್ತಾರೆ, ಭಾನುವಾರ ರಜೆ. ಮಡಿಲಲ್ಲಿ ಚಕ್ರ, ಕಾಲ ಬಳಿ ಸ್ಟ್ಯಾಂಡು ಇಟ್ಟುಕೊಂಡು ಆಟೋ ಹತ್ತಿದೆ. ಸ್ಟ್ಯಾಂಡನ್ನು ಒಯ್ದದ್ದು ಸೈಕಲ್ಲೇ ಓರೆಯೆಂದು ಸಾಬೀತುಪಡಿಸಲು. ಸುಮನ ಪಕ್ಕದಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಚಾಲೈಯ ಗಲ್ಲಿಯಲ್ಲಿ ಈರುಳ್ಳಿ ಲಾರಿ ಅಡ್ಡ ನಿಂತು ಆಟೋ ಮುಂದೆ ಹೋಗಲಿಲ್ಲ. ಇಳಿದು ಓಡಿದೆವು. ಮಂಡಿನೋವಿನ ಸುಮನ ಮುಂದೆ, ನಾನು ಹಿಂದೆ.

ಶಟರ್ ಅರ್ಧ ಇಳಿದಿತ್ತು. ಸುಕುಮಾರನ್ ಬಗ್ಗಿ ಹೊರಗೆ ನೋಡಿದರು. ನನ್ನ ವಾದವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಚಕ್ರವನ್ನು ನನ್ನ ಸ್ಟ್ಯಾಂಡಿಗೇ ಹಾಕಿ ತಿರುಗಿಸಿದರು. ನಟ್ಟನಡುವೆ ಇತ್ತು. ನಾನು ಸುಮನಳ ಕಡೆ ನೋಡಿದೆ. ಆಮೇಲೆ ಅವರು ಚಕ್ರವನ್ನು ತೆಗೆದು, ಎಡಬಲ ಬದಲಿಸಿ ಮತ್ತೆ ಹಾಕಿದರು. ರಿಮ್ಮು ನಡುವಿನಿಂದ ಒಂದು ಬೆರಳು ಆಚೆಗೆ ಹೋಗಿ ನಿಂತಿತು.

"ಸಾರೇ, ತಪ್ಪು ಸೈಕಲ್ಲಿನದಲ್ಲ. ಇದರ ಒಂದು ತೋಳು ಬಾಗಿದೆ. ಓರೆ ಸ್ಟ್ಯಾಂಡಿಗೆ ಸರಿಯಾಗಿ ನೀವು ಚಕ್ರವನ್ನು ಓರೆ ಮಾಡಿದ್ದೀರಿ" ಎಂದರು ಮಲಯಾಳದಲ್ಲಿ. "ತಂದ ದಿನ ಹೀಗೊಮ್ಮೆ ತಿರುಗಿಸಿ ಹಾಕಿ ನೋಡಲಿಲ್ಲವೇ?"

ನೋಡಿರಲಿಲ್ಲ. ಸಹಿ ಮಾತ್ರ ಹಾಕಿದ್ದೆ.

ಅವರು ಹೊಸ ಕಡ್ಡಿ ಹಾಕಿ ಚಕ್ರವನ್ನು ತಮ್ಮ ಸ್ಟ್ಯಾಂಡಿಗೆ ಏರಿಸಿದರು. ಅದು ಗುಜರಿ ಸೈಕಲ್ಲಿನ ಹಳೆಯ ಫೋರ್ಕು, ಎಂದರೆ ಮುಂದಿನ ಚಕ್ರ ಹಿಡಿಯುವ ಕವೆ, ಬೆಂಚಿಗೆ ತಲೆಕೆಳಗಾಗಿ ಬಡಿದದ್ದು. ಮುಳ್ಳಿನ ಬದಲು ಒಂದು ಸೀಮೆಸುಣ್ಣದ ತುಂಡು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅತಿ ಕಡಿಮೆ ದರದ ಸ್ಟ್ಯಾಂಡ್ ಇಲ್ಲಿತ್ತು, ನನ್ನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಭಾನುವಾರ ಇಡೀ ದಿನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತೆ. ಸಂಜೆ ಆರೂವರೆಗೆ ಕೊಚ್ಚಿಯಿಂದ ಕರೆ ಬಂತು.

"ಮುಟ್ಟಿದೆ ಮಾರಾಯ್ರೆ. ಗೇಟಿನೊಳಗೆ ಸೈಕಲ್ಲಲ್ಲೇ."

"ಚಕ್ರ ಹೇಗುಂಟು?"

"ಚಕ್ರಕ್ಕೆ ಎಂತದೂ ಆಗ್ಲಿಲ್ಲ. ಅಕ್ಕನಿಗೆ ನಿಮ್ಮ ಸ್ಟ್ಯಾಂಡಿನ ಕಥೆ ಹೇಳ್ತಾ ಇದ್ದೆ. ಇಂಥವರನ್ನು ಹೇಗೆ ಆರಿಸಿದ್ದು ಅಂತ ಕೇಳ್ತಾಳೆ."

"ನೀನು ಎಂತ ಹೇಳಿದ್ದಿ?"

"ನಮ್ಮ ಅಪ್ಪ ಕೂಡ ಪೆಟ್ಟಿಗೆ ತೆರೆಯುವ ಮೊದಲೇ ಸಹಿ ಹಾಕಿದ್ರು ಅಂದೆ."

ಅಕ್ಕ ನಗುವುದು ಇಲ್ಲಿಗೇ ಕೇಳಿಸಿತು. ಓರೆ ಸ್ಟ್ಯಾಂಡಿನ ಮೇಲೆ ಒಣಹಾಕಿದ್ದ ಟವೆಲನ್ನು ತೆಗೆದು ಮುಖ ಒರೆಸಿಕೊಂಡೆ. ನನ್ನನ್ನು ವಾಪಸು ಕೊಡುವ ಅವಧಿ ಮುಗಿದು ಇಪ್ಪತ್ತೆರಡು ವರ್ಷವಾಗಿದೆ ಎಂಬುದೊಂದೇ ನನಗುಳಿದ ಸಮಾಧಾನ.